ಅರ್ಧಕ್ಕ ನಿಂತ ಗೀಗೀ ಪದ

ಇಭೂತಿ ಡಬ್ಬ್ಯಾಗ ಬೆರಳು ಹಾಕಿದ್ರ ಎಲ್ಲಾರ ಮನ್ಯಾಗ ಇಭೂತಿ ಬರ್ತದ. ನಮ್ಮ ಮನ್ಯಾಗ ಮೆಮೊರಿ ಕಾರ್ಡ್ ಬರ್ತದ. ಉಗುರಿನಷ್ಟು ಕರೇ ಚೂರು. ಮ್ಯಾಲಿನ ಅಕ್ಷರ ಅಳಿಸಿ ಹೋಗ್ಯಾವ. ಇಭೂತಿ ಹತ್ತಿ ಹತ್ತಿ ಅದಕ್ಕೂ ಒಂದು ನಮೂನಿ ಸ್ವಾಮಿಗಳ ಕಳೆ ಬಂದದ. ಇವತ್ತು ಮುಂಜಾನಿ ಜಳಕ ಮಾಡಿ ಅವಸರದಾಗ ಕೈ ಹಾಕಿದೆ, ಬೆರಳಿಗೆ ಅಂಟಿಕೊಂಡು ಬಂತು. ಹಣಿಗೆ ಹಚ್ಕೊಳ್ಳೋದೊಂದು ಬಾಕಿ ಇತ್ತು.

"ಸಾವಕಾಶ ತಗೋವಾ ಮಾದೇವಿ, ಅದು ಬಿದ್ದೀತು," ಅಂದ್ಲು ಅವ್ವ, ಅಡಿಗಿ ಮನ್ಯಾಗಿಂದ. ಅಕಿಗೆ ನಾ ಕಾಣ್ತಿದ್ದಿಲ್ಲ. ಡಬ್ಬಿ ಮುಚ್ಚಳದ ಸಪ್ಪಳಕ್ಕೇ ಅಷ್ಟು ಎಚ್ಚರ.

ಕಾರ್ಡ್ ಕೆಟ್ಟು ಭಾಳ ದಿನ ಆತು. ಅದರಾಗ ಏನೂ ಉಳಿದಿಲ್ಲ. ನನಗೂ ಗೊತ್ತದ, ಅವ್ವಗೂ ಗೊತ್ತದ. ಹಂಗಂತ ಒಗೀರಿ ನೋಡಮು! ನಾನಂತೂ ಬಳದು ಹೊರಗ ಹಾಕೋ ಕಸದಾಗೂ ಒಮ್ಮೆ ಕಣ್ಣಾಡಿಸಿ, ಅದು ಇಲ್ಲಂತ ಖಾತ್ರಿ ಮಾಡ್ಕೊಂಡೇ ಬುಟ್ಟಿ ಎತ್ತಾಕಿ.

ನಾನು ಸೈದಾಪುರದ ಕಡೆ ಒಂದು ಸಾಲ್ಯಾಗ ಟೀಚರ್. ಮನಿ ಇರೋದು ಯಾದಗಿರಿ ಸ್ಟೇಷನ್ ಹಿಂದ, ಬಾಡಿಗಿದು. ಇರಾವ್ರು ನಾನು, ಅವ್ವ, ಇಬ್ಬರೇ. ನನ್ನ ಲಗ್ನ ಯಾಕ ಆಗಲಿಲ್ಲ ಅನ್ನೋದು ನನಗಿಂತ ನಮ್ಮ ಓಣಿ ಹೆಣ್ಮಕ್ಕಳಿಗೆ ಛಲೋ ಗೊತ್ತದ, ಬೇಕಂದ್ರ ಅವರನ್ನ ಕೇಳ್ರಿ. ಖರೇ ಅಂದ್ರ ನಾವು ಗೋಗಿ ಹತ್ರದ ಹಳ್ಳಿಯವರು. ಅಪ್ಪ ನಾವು ಸಣ್ಣವರಿದ್ದಾಗೇ ತೀರಿಕೊಂಡ. ಹೊಲ ಇತ್ತು, ಹೊಲಕ್ಕ ಕಾಲುವಿ ನೀರಿತ್ತು, ಹೊಲ ನೋಡಾಕ ನನ್ನ ತಮ್ಮ ಶರಣು ಇದ್ದ.

ಕಾಲುವಿ ಬಂದ ಮ್ಯಾಲ ನಮ್ಮ ಕಡೆ ಏನೇನೋ ಬಂತು. ಜ್ವಾಳ ತೊಗರಿ ಬಿತ್ತೋ ಮಂದಿ ಭತ್ತ ಹಚ್ಚಿದ್ರು. ಮಣ್ಣಿನ ಮಾಳಗಿ ಹೋಗಿ ಸಿಮೆಂಟ್ ಬಂತು. ಸೊಳ್ಳಿ ಬಂದ್ವು. ಅದರ ಹಿಂದಿಂದ ಈ ಸಣ್ಣ ರೇಡಿಯೋ ಬಂತು. ಹೆಸರಿಗಷ್ಟೇ ರೇಡಿಯೋ. ಸ್ಟೇಷನ್ ಹಚ್ಚಿದ್ರ ಎಣ್ಣ್ಯಾಗ ಮೆಣಸಿನಕಾಯಿ ಬಿಟ್ಟಂಗ ಚುಂಯ್ ಅಂತಿತ್ತು. ಅದರ ಜೀವ ಇದ್ದದ್ದು ಬಗಲಾಗಿನ ಸೀಳಿನಾಗ. ಅಲ್ಲಿ ಮೆಮೊರಿ ಕಾರ್ಡ್ ತುರುಕಿ ಬಟನ್ ಒತ್ತಿದ್ರ ಊರಿಗೆಲ್ಲ ಕೇಳೋ ಹಂಗ ಒದರ್ತಿತ್ತು. ಸಸಿ ಹಚ್ಚೋ ಹೆಣ್ಮಕ್ಕಳು ಕೆಸರಾಗ ಬಗ್ಗಿ ನಿಂತಿರ್ತಿದ್ರು, ಒಡ್ಡಿನ ಮ್ಯಾಲ ಜಾಲಿ ಗಿಡಕ್ಕ ರೇಡಿಯೋ ಜೋತು ಬಿದ್ದಿರ್ತಿತ್ತು. ಈ ಹೊಲದಾಗ ಒಂದು ಹಾಡು, ಆ ಹೊಲದಾಗ ಮತ್ತೊಂದು. ನಡುವಿನ ಹೊಲದವರ ಗತಿ ದೇವರೇ ಬಲ್ಲ.

ಆ ರೇಡಿಯೋದಾಗ ಹಾಡಿನ ಹೆಸರು ತೋರಸೋ ಪರದೆ ಇದ್ದಿಲ್ಲ. ಕಾರ್ಡಿಗೆ ಯಾವ ಹಾಡು ಮೊದಲು ತುಂಬ್ಯಾರ ಅದು ಮೊದಲು, ಆಮ್ಯಾಲ ತುಂಬಿದ್ದು ಆಮ್ಯಾಲ. ಎಲ್ಲಾ ಮುಗಿದ್ರ ಮತ್ತ ಮೊದಲಿನದು. ಅಷ್ಟೇ ಅದರ ಶಾಣ್ಯಾತನ. ದಿನಾ ಕೇಳಿ ಕೇಳಿ ಯಾವದರ ಹಿಂದ ಯಾವದು ಅನ್ನೋದು ಮನಿ ಮಂದಿಗೆಲ್ಲ ಬಾಯಿಪಾಠ ಆಗಿಬಿಡ್ತಿತ್ತು. ಒಂದು ಹಾಡಿನ ಬಾಲ ಮುಗಿಯೋದ್ರಾಗ ಮುಂದಿನ ಹಾಡಿನ ತಲಿ ನಮ್ಮ ಬಾಯಾಗ ಬಂದು ನಿಂತಿರ್ತಿತ್ತು. ಸಾಲ್ಯಾಗ ನಾ ಎಷ್ಟು ಒದರಿದ್ರೂ ಮಗ್ಗಿ ಕಲೀದ ಹುಡುಗರು ತಮ್ಮ ತಮ್ಮ ಮನಿ ಕಾರ್ಡಿನ ಹಾಡು ಮಾತ್ರ ಸಾಲಾಗಿ ಒಪ್ಪಸ್ತಿದ್ರು.

ಹಾಡು ತುಂಬಸೋ ದುಕಾನ ಶಹಾಪುರ ಬಸ್‌ಸ್ಟ್ಯಾಂಡ್ ಹತ್ರ ಇತ್ತು, ಮೆಹಬೂಬ ಅನ್ನಾವಂದು. ಮಂದಿ ಎಣ್ಣಿಗೆ ಬಾಟ್ಲಿ ತಂದಂಗ ಕಾರ್ಡ್ ಹಿಡಕೊಂಡು ಪಾಳಿ ಹಚ್ತಿದ್ರು. ಹೆಚ್ಚಿನವರು "ಛಲೋ ಇದ್ದಾವು ಹಾಕಿ ಕೊಡಪಾ" ಅಂದು ಚಹಾ ಕುಡಿಯಾಕ ಹೋಗಿಬಿಡಾವ್ರು. ನಮ್ಮ ಶರಣು ಹಂಗಲ್ಲ. ಸ್ಟೂಲ್ ಜಗ್ಗಿ ಕೂತು ಒಂದೊಂದೂ ಕೇಳಿ, "ಇದು ಇರ್ಲಿ, ಇದು ಬ್ಯಾಡ" ಅಂತ ಹೆಣ್ಣು ನೋಡಾಕ ಬಂದವರಂಗ ಆರಸಾವ. ಮೊದಲಿಗೆ ಮೌನೇಶ್ವರನ ಪದ. ದೇವರದಿಲ್ಲದ ಕಾರ್ಡ್ ಶುರು ಮಾಡಬಾರದು ಅನ್ನೋದು ಆ ದುಕಾನದ ಪದ್ಧತಿ, ಮೆಹಬೂಬನೇ ಮೊದಲು "ದೇವರು ಯಾವ್ದು ಹಾಕ್ಲಿ?" ಅಂತ ಕೇಳ್ತಿದ್ದ. ಅದಾದ ಮ್ಯಾಲ ಒಂದು ಹಳೇ ಸಿನಿಮಾದ್ದು. ಅದರ ಹಿಂದ ಮೊಹರಮ್ಮಿನ ರಿವಾಯತ್ ಪದ. ಅದರ ಬೆನ್ನಿಗೇ ಡೊಳ್ಳು ಬಡದು ಕುಣಿಯೋ ಹಾಡು! ರಿವಾಯತ್ ಕೇಳಿ ಕಣ್ಣೀರು ಕೆಳಗ ಬೀಳೋದ್ರಾಗ ಡೊಳ್ಳು ಶುರು.

"ಏನೋ ಇದು, ಅಳಬೇಕೋ ಕುಣೀಬೇಕೋ?" ಅಂತ ನಾ ಕೇಳಿದ್ರ, "ಎರಡೂ ಮಾಡಕ್ಕ, ಯಾರು ಬ್ಯಾಡಂತಾರ" ಅಂತಿದ್ದ.

ಡೊಳ್ಳಿನ ಹಿಂದ ಬರೋದು ಗೀಗೀ ಪದ. ಈ ಪ್ರಬಂಧ ಬರಿಯಾಕ ಕೂತದ್ದೇ ಅದರ ಸಲುವಾಗಿ.

ಗೀಗೀ ಪದ ಅಂದ್ರ ನಿಮಗ ಗೊತ್ತಿದ್ದದ್ದೇ. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ, ನಡುವ ದಪ್ಪು ತುಂತುಣಿ ಬಾರಸಾವ್ರು, ಹಾಡಿನಾಗೇ ಜಗಳ. ಇದರಾಗ ಗಂಡಸು ಭಾಳ ಹೊತ್ತು ಮೀಸಿ ತಿರುವಿ, ಕಡೀಕ ಕೇಳ್ತಾನ: ಇಷ್ಟೆಲ್ಲ ಮಾತಾಡ್ತಿಯಲ್ಲ, ಮನಿಯೊಳಗ ದೊಡ್ಡವರು ಯಾರು ಹೇಳು ನೋಡಮು. ಹಿಮ್ಮೇಳದವರು ಗೀಯ ಗೀಯ ಅಂತಾರ. ಹೆಣ್ಮಗಳು ಗಂಟಲು ಸರಿ ಮಾಡ್ಕೊಂಡು, "ಕೇಳೋ ಮಾತುಗಾರಾ..." ಅಂತ ಎಳೀತಾಳ. ಎಳದದ್ದೇ ತಡ, ಕಟ್! ಒಂದು ಉಸರಿಗೂ ಜಾಗ ಇಲ್ಲದಂಗ ಮುಂದಿನ ಸಿನಿಮಾ ಹಾಡಿನ ಪಿಟೀಲು ಕುಂಯ್ ಅಂತಿತ್ತು.

ಆದದ್ದಿಷ್ಟು. ಶರಣು ಆ ಪದ ತುಂಬಸಾಕತ್ತಾಗ ಕರೆಂಟ್ ಹೋತು. ಬಂದ ಮ್ಯಾಲ ನೋಡಿದ್ರ ಕಾರ್ಡಿಗೆ ಅರ್ಧ ಅಷ್ಟೇ ಇಳದಿತ್ತು. "ಕೂಡು, ಮತ್ತ ಹಾಕಿಕೊಡ್ತೀನಿ" ಅಂದ್ನಂತ ಮೆಹಬೂಬ. ನಮ್ಮವಗ ಊರ ಬಸ್ಸಿನ ಚಿಂತಿ. "ಇರ್ಲಿ ಬಿಡೋ, ಮುಂದಿನ ಸಂತಿಗೆ ಬಂದಾಗ ನೋಡಮು, ಈಗ ಇದರ ಮುಂದಿನವು ಹಾಕು" ಅಂದು ಹಂಗೇ ತಗೊಂಡು ಬಂದ. ಮುಂದ ಸಂತಿ ಬಂದ್ವು, ಹೋದ್ವು. ಶರಣು ಪ್ರತಿ ಸಂತಿಗೂ ಹೋದ, ಬದನಿಕಾಯಿ ತಂದ, ಎಮ್ಮಿಗೆ ದಾವಣಿ ತಂದ. ಆ ಉಳಿದ ಅರ್ಧ ಮಾತ್ರ ತರಲಿಲ್ಲ.

ಯಾಕ ತರಲಿಲ್ಲ ಅಂದ್ರ ಅವಗ ಬ್ಯಾಡಾಗಿತ್ತು. ಹೆಣ್ಮಗಳು "ಕೇಳೋ ಮಾತುಗಾರಾ" ಅಂದ ಕೂಡ್ಲೆ, ಎಲ್ಲಿದ್ರೂ ಸರಿ, ದನದ ಕೊಟ್ಟಿಗ್ಯಾಗ ಇರ್ಲಿ, ಬಚ್ಚಲದಾಗ ಮೈಗೆ ಸಬಕಾರ ಹಚ್ಕೊಂಡಿರ್ಲಿ, ಅಲ್ಲಿಂದ ಶರಣೂನೇ ಉತ್ತರ ಒದರ್ತಿದ್ದ. ಮನಿಯೊಳಗ ದೊಡ್ಡವರು ಯಾರು? "ನೀರಿನ ಹಂಡೆ!" ಮರುದಿನ "ಅಕ್ಕನ ಮೂಗು!" ಅದರ ಮರುದಿನ "ಅವ್ವನ ಬಾಯಿ!" ಅವ್ವ ರೊಟ್ಟಿ ಬಡಿಯೋದು ಬಿಟ್ಟು ಹಿಟ್ಟಿನ ಕೈಲೇ "ಮೂಳಾ, ಬಾ ಇಲ್ಲಿ, ನಿನ್ನ ಬಾಯಾಗ ಬೂದಿ ಹಾಕ್ತೀನಿ" ಅಂತ ಬೈಯಾಕಿ. ಬೈಕೋತ ನಗಾಕಿ. ನಾನು ಒಳಗ ಸಾಲಿ ಪೇಪರ್ ತಿದ್ದಾಕಿ, ನನ್ನ ಮೂಗಿನ ಮ್ಯಾಲ ಅಷ್ಟು ಸಿಟ್ಟು ಬಂದು ಒಂದು ಹುಡುಗನ ಸರಿ ಉತ್ತರಕ್ಕೂ ಕಾಟು ಹೊಡದದ್ದದ. ಒಮ್ಮೆ ಹೇಳಿದ್ದು ಅವ ಮತ್ತೊಮ್ಮೆ ಹೇಳ್ತಿದ್ದಿಲ್ಲ. ದಿನಾ ಹೊಸಾದು ಎಲ್ಲಿಂದ ಹುಡುಕ್ತಿದ್ನೋ, ಆ ಮೌನೇಶ್ವರನೇ ಬಲ್ಲ.

ಇನ್ನ ಮುಂದಿನದು. ಬರಿಯಾಕ ಮನಸ್ಸಿಲ್ಲ, ಬರೀದಿದ್ರ ನಿಮಗ ತಿಳಿಯಂಗಿಲ್ಲ.

ಕಾಲುವಿಗೆ ನೀರು ಬಿಟ್ಟಿದ್ರು. ನಮ್ಮ ಮೋಟಾರಿನ ಪೈಪಿನ ಬಾಯಿಗೆ ಕಸ ಸಿಕ್ಕು ನೀರು ಎತ್ತಾಕತ್ತಿದ್ದಿಲ್ಲ. "ತಗದು ಬರ್ತೀನವ್ವಾ, ರೊಟ್ಟಿ ಬಡದಿಡು" ಅಂದ ಶರಣು ರೇಡಿಯೋ ಕೊಳ್ಳಾಗ ಹಾಕ್ಕೊಂಡು ಹೋದ. ಕಾಲುವಿ ದಂಡ್ಯಾಗ ಜಾಲಿ ಟೊಂಗಿಗೆ ರೇಡಿಯೋ ತೂಗು ಹಾಕಿ ನೀರಿಗೆ ಇಳದಾನ. ಸಿಮೆಂಟಿನ ಇಳಿಜಾರಿಗೆ ಪಾಚಿ ಇತ್ತು. ಸೆಳವಿತ್ತು. ನನ್ನ ತಮ್ಮ ಮ್ಯಾಲ ಬರಲಿಲ್ಲ.

ಹುಡುಕಾಕ ಹೋದವರಿಗೆ ಜಾಗ ಗೊತ್ತಾದದ್ದೇ ರೇಡಿಯೋದಿಂದ. ಅದು ಹಾಡಾಕತ್ತಿತ್ತಂತ. ಬಾಜು ಹೊಲದ ಬಸಣ್ಣ ಮಾವ ಅದನ್ನ ಕೈಯಾಗ ಹಿಡಕೊಂಡು ನಮ್ಮ ಮನಿಗೆ ಬಂದ. ಅವ ಅಳಾಕತ್ತಿದ್ದ, ರೇಡಿಯೋ ಹಾಡಾಕತ್ತಿತ್ತು. ಬಂದ್ ಮಾಡಬೇಕನ್ನೋದು ಅವಗೂ ಹೊಳಿಲಿಲ್ಲ, ನಮಗೂ ಹೊಳಿಲಿಲ್ಲ. ಅಂಗಳದ ತುಂಬ ಮಂದಿ ಕೂಡಿ ಅಳಬೇಕಾದ್ರ ಅದು ತನ್ನಷ್ಟಕ್ಕ ಒಂದರ ಹಿಂದ ಒಂದು ಹಾಡಿಕೋತ ಹೋತು. ಬ್ಯಾಟರಿ ಮುಗಿದ ಮ್ಯಾಲ ತಾನೇ ಸುಮ್ಮನಾತು.

ತಮ್ಮನ ದಿನ-ಕರ್ಮ ಎಲ್ಲಾ ಮುಗಿದ ಮ್ಯಾಲ ಅವ್ವ ಬಸಣ್ಣ ಮಾವನ್ನ ಕೇಳಿದ ಮೊದಲನೇ ಮಾತು: "ನೀ ಹೋದಾಗ ಯಾವ ಹಾಡು ಹತ್ತಿತ್ತು?"

ಮಾವ ಪಾಪ, ನನ್ನ ಮುಖ ನೋಡಿದ. "ಯವ್ವಾ, ನಂಗೆಲ್ಲಿ ಖಬರ ಇತ್ತು? ಹಾಡು ಯಾವದಂತ ಯಾರು ಕೇಳ್ಯಾರ?"

ಅವ್ವ ಕೇಳೋದು ಬಿಡಲಿಲ್ಲ. ಮಾವ ಹೇಳಲಿಲ್ಲಂತ ತಾನೇ ತಾಳೆ ಹಾಕಾಕ ಕೂತ್ಲು. ಶರಣು ಅಂಗಳ ದಾಟಿದಾಗ ಮೌನೇಶ್ವರನ ಪದ ಶುರು ಆಗಿತ್ತು. ಹನುಮಪ್ಪನ ಗುಡಿ ದಾಟೋದ್ರಾಗ ಅದು ಮುಗೀತದ. ಸಿನಿಮಾದ್ದು ಹಳ್ಳದತನ. ಹಳ್ಳ ಏರಿದ್ರ ರಿವಾಯತ್. ಹೊಲದ ಬದುವಿಗೆ ಡೊಳ್ಳು. ಹಂಗಾದ್ರ ಕಾಲುವಿ ದಂಡಿಗೆ ಹೋಗಿ, ಅಂಗಿ ಕಳದು ಇಡೋದ್ರಾಗ ಗೀಗೀ ಪದ ಬಂದಿರ್ತದ.

"ಆ ಪದ ಬಂದಾಗ ಅಂವ ದಂಡಿ ಮ್ಯಾಲೇ ಇದ್ದ ಮಾದೇವಿ," ಅಂತಿದ್ಲು. "ಉತ್ತರ ಹೇಳಿಯೇ ಇಳದಾನ."

"ಹೂಂ ಅವ್ವಾ" ಅಂತಿದ್ದೆ. ಮತ್ತೇನನ್ಲಿ?

ಅವತ್ತು ಏನಂತ ಉತ್ತರ ಹೇಳಿದ್ನೋ ಯಾರಿಗೂ ಗೊತ್ತಿಲ್ಲ. ನಮ್ಮ ಹತ್ರ ಶರಣೂನ ಫೋಟೋ ಅವ, ಲುಂಗಿ ಅದ, ಹರದ ಚಪ್ಪಲಿ ಅವ. ದನಿ ಇಲ್ಲ. ಈಗಿನವರು ಉಸರು ಬಿಟ್ಟದ್ದೂ ಮೊಬೈಲಿನಾಗ ಹಿಡದಿಡ್ತಾರ, ನಮಗ ಆ ಬುದ್ಧಿ ಇದ್ದಿಲ್ಲ. ದಿನಾ ಕೇಳೋ ದನಿ ಹಿಡದಿಟ್ಟು ಏನು ಮಾಡೋದು ಅಂದಿರ್ತೀವಿ. ಉಳದದ್ದು ಅವ ಕೂತು ಆರಿಸಿದ ಹಾಡಿನ ಸಾಲು, ಆ ಸಾಲಿನ ನಡುವ ಅವನ ದನಿ ಬರ್ತಿದ್ದ ಒಂದು ಜಾಗ.

ಕಾಲುವಿ ಕಾಣೋ ಊರಾಗ ಅವ್ವಗ ಇರಾಕ ಆಗಲಿಲ್ಲ. ನಾ ಸೈದಾಪುರದ ಕಡೆ ವರ್ಗ ಮಾಡಿಸಿಕೊಂಡೆ, ಅಕಿ ಹೊಲ ಬಸಣ್ಣ ಮಾವನ ಪಾಲಿಗೆ ಬಿಟ್ಟು ನನ್ನ ಹಿಂದ ಯಾದಗಿರಿಗೆ ಬಂದ್ಲು. ಎಮ್ಮಿ ಬರಲಿಲ್ಲ, ಹಿಟ್ಟು ನಾದೋ ಕೊಣಮಗಿ ಬಂತು, ರೇಡಿಯೋ ಬಂತು. ಇಲ್ಲಿ ಎಮ್ಮಿ ಇಲ್ಲ, ಹೊಲ ಇಲ್ಲ, ಅಕಿಗೆ ಗಡಿಯಾರ ನೋಡಾಕ ಬರಂಗಿಲ್ಲ. ಹಾಡಿನ ಮ್ಯಾಲೇ ಅಕಿ ದಿನ. ಸಿನಿಮಾ ಹಾಡಿಗೆ ಹಿಟ್ಟು ನಾದೋದು, ರಿವಾಯತಿಗೆ ರೊಟ್ಟಿ. ಡೊಳ್ಳು ಬಂತಂದ್ರ ನಾ ಸ್ಟೇಷನ್ನಿಗೆ ಓಡಬೇಕು. ಪ್ಯಾಸೆಂಜರ್ ಗಾಡಿ ತಡ ಆಗಿರಬಹುದು, ಅವ್ವನ ಡೊಳ್ಳು ಒಂದಿನಾನೂ ತಡ ಆಗಿಲ್ಲ. ಆ ಅರ್ಧ ಪದ ಕಟ್ ಆದಾಗ ಮಾತ್ರ ಅಕಿ ಕೈ ನಿಲ್ತಿತ್ತು. ಪಿಟೀಲು ಒಂದಷ್ಟು ಹೊತ್ತು ಕುಂಯ್‌ಗುಟ್ಟಿದ ಮ್ಯಾಲ ಮತ್ತ ಬಡಿಯಾಕ ಶುರು ಮಾಡ್ತಿದ್ಲು.

ಹಿಂಗ ಇರಬೇಕಾದ್ರ ಒಂದು ಮುಂಜಾನಿ ರೇಡಿಯೋದ ಕೆಂಪು ಲೈಟ್ ಹತ್ತಿತು, ಹಾಡು ಬರಲಿಲ್ಲ. ತಗದು ಒರಸಿ ಹಾಕಿದೆ, ಸೆರಗಿಗೆ ತಿಕ್ಕಿ ಹಾಕಿದೆ, ಊದಿ ಹಾಕಿದೆ. ಇಲ್ಲ. ಆ ಮುಂಜಾನಿ ಅವ್ವ ಹಿಟ್ಟು ನಾದಲೇ ಇಲ್ಲ. ನಾ ಸಾಲಿಗೆ ಅವಲಕ್ಕಿ ಕಟಗೊಂಡು ಹೋದೆ.

ನಾ ಟೀಚರ್ ನೋಡ್ರಿ, ಎಲ್ಲಾದಕ್ಕೂ ನನ್ನ ಹತ್ರ ಉತ್ತರ ಇರ್ಬೇಕು. ಸಂಜಿಗೆ ಬಂದು, "ಇದೇನು ದೊಡ್ಡ ಮಾತು ಅವ್ವಾ" ಅಂದು ನನ್ನ ಮೊಬೈಲಿಗೆ ಸಿಕ್ಕಷ್ಟು ಅವೇ ಹಾಡು ಹುಡುಕಿ ಇಳಿಸಿಕೊಟ್ಟೆ. ಮೊಬೈಲ್ ನನಗಿಂತ ದೊಡ್ಡ ಟೀಚರ್. ಹಾಜರಿ ಪುಸ್ತಕದಂಗ ಎಲ್ಲಾ ಹಾಡು ಅಕ್ಷರದ ಪ್ರಕಾರ ಸಾಲು ಹಚ್ಚಿ ನಿಂದರಿಸಿಬಿಟ್ಟಿತು. ದೇವರ ಪದ ಎಲ್ಲೋ ನಡುವ, ಡೊಳ್ಳು ಎಲ್ಲಾದರ ಮುಂದ. ಅವ್ವ ಎರಡು ಹಾಡು ಕೇಳಿ ಮೊಬೈಲ್ ನನ್ನ ಕಡೆ ಸರಸಿದ್ಲು.

"ಇವು ಶರಣೂನ ಹಾಡಲ್ಲವಾ."

"ಅವೇ ಹಾಡವ್ವಾ, ಕೇಳು."

"ಹಾಡು ಅವೇ. ಶರಣೂನವು ಅಲ್ಲ."

ಮರುದಿನ ರಜಾ. ಅವ್ವನ್ನ ಕರಕೊಂಡು ಯಾದಗಿರಿ ಬಜಾರದಾಗ ಒಂದು ಮೊಬೈಲ್ ದುಕಾನಕ್ಕ ಹೋದೆ. ದುಕಾನದಾವ ಕಾರ್ಡ್ ಕಂಪ್ಯೂಟರಿಗೆ ಹಾಕಿ, "ಇದು ಹೋಗ್ಯದರಿ ಟೀಚರ್. ಫಾರ್ಮ್ಯಾಟ್ ಮಾಡು ಅನ್ನಾಕತ್ತದ, ಮಾಡಿಬಿಡ್ಲೇನ್ರಿ?" ಅಂದ.

"ಹಂಗಂದ್ರ?" ಅಂದ್ಲು ಅವ್ವ.

"ಪೂರಾ ಅಳಿಸಿ ಹೊಸಾದು ಮಾಡೋದ್ರಿ ಅಮ್ಮಾ."

ಅವ್ವ ಕೈ ಚಾಚಿ ಕಾರ್ಡ್ ಇಸಗೊಂಡು ಸೆರಗಿನ ತುದಿಗೆ ಗಂಟು ಹಾಕಿಬಿಟ್ಲು. ಆ ಗಂಟು ಬಿಚ್ಚಿದ್ದು ಮನಿಗೆ ಬಂದು, ಇಭೂತಿ ಡಬ್ಬಿ ಮುಂದ.

ಅದೇ ದುಕಾನದಾಗ ಹೊಸಾ ಕಾರ್ಡ್ ತಗೊಂಡ್ವಿ. ಹಳೇದರಂಗ ಸಾಲಾಗಿ ತುಂಬಬೇಕು ಅಂದೆ. "ಸಾಲು ಹೇಳ್ರಿ, ಹಾಕ್ತೀನಿ" ಅಂದ. ಅಲ್ಲೇ ಬಾಕಿನ ಮ್ಯಾಲ ಕೂತು ಅವ್ವ ಹೇಳಿದ್ಲು. ಅಕಿಗೆ ಹಾಡಿನ ಹೆಸರು ಗೊತ್ತಿಲ್ಲ, ಆ ಹಾಡಿನ ಹೊತ್ತಿಗೆ ಮಾಡ್ತಿದ್ದ ಕೆಲಸ ಗೊತ್ತು. "ಇದರ ಹಿಂದ ಎಮ್ಮಿ ಹಿಂಡೋದು. ಎಮ್ಮಿ ಹಿಂದ ಆ ಬಿಕ್ಕಿ ಬಿಕ್ಕಿ ಹಾಡ್ತಾಳಲ್ಲ, ಅಕಿ. ಅಕಿ ಮುಗಿದ್ರ ಅಂಗಳ ಬಳಿಯೋದು." ದುಕಾನದಾವ ಕಂಪ್ಯೂಟರಿನಾಗ ಎಮ್ಮಿ ಎಲ್ಲಿ ಹುಡುಕಬೇಕು? ನಾ ನಡುವ ದುಬಾಷಿ. ಒಂದು ಕಡೆ ನಾನೂ ಅಕಿನೂ ಜಗಳಕ್ಕೇ ಬಿದ್ವಿ. ನಾ ಜೋಗ್ಯಾನ ಪದ ಮೊದಲು ಅಂದೆ, ಅಕಿ ಅಲ್ಲ ಅಂದ್ಲು. ಅಕಿನೇ ಖರೇ. ಗಿರಾಕಿಗಳು ನಿಂತು ನಮ್ಮ ತಾಯಿ-ಮಗಳ ವಾದ ನೋಡಿದ್ರು, ದಪ್ಪೊಂದು ಕಡಿಮಿ ಇತ್ತು.

ಗೀಗೀ ಪದ ಮಾತ್ರ ಸಿಗವಲ್ದು. ಅದೇ ಮಾತು, ಬ್ಯಾರೆ ದನಿ. ಅವ್ವ ಒಂದೊಂದಕ್ಕೂ ತಲಿ ಅಲ್ಲಾಡಸ್ತಿದ್ಲು. ಕಡೀಕ ಒಂದು ಶುರು ಆತು, ಗಂಡಸು ಕೆಮ್ಮಿದ, ಅವ್ವ ನೆಟ್ಟಗ ಕೂತ್ಲು. ಇದೇ. ಅವ ಮೀಸಿ ತಿರುವಿದ, ಪ್ರಶ್ನೆ ಕೇಳಿದ. ಹಿಮ್ಮೇಳ ಗೀಯ ಅಂತು. "ಕೇಳೋ ಮಾತುಗಾರಾ..."

ನಿಲ್ಲಲಿಲ್ಲ. ಆ ಹೆಣ್ಮಗಳು ಉಸರು ತಗೊಂಡು ಮುಂದ ಹಾಡಾಕ ಬಾಯಿ ತೆರದ್ಲು.

"ಬ್ಯಾಡ! ಬ್ಯಾಡೋ ಯಪ್ಪಾ, ನಿಲ್ಲಸು!"

ಅವ್ವ ಒದರಿದ ದನಿಗೆ ದುಕಾನದಾವ ಹೆದರಿ ವೈರನ್ನೇ ಕಿತ್ತ. ಅವ್ವ ಸೆರಗು ಬಾಯಿಗೆ ಹಿಡಕೊಂಡು ಅಳಾಕತ್ತಿದ್ಲು. ನಾನೂ ಅತ್ತೆ. ನಡು ಬಜಾರದಾಗ, ನಮ್ಮ ಸಾಲಿ ಹುಡುಗರ ತಾಯಂದ್ರು ಓಡಾಡೋ ಜಾಗದಾಗ, ಮೂಗು ಸೀಟಿಕೋತ ಅತ್ತೆ. ನಡೆದದ್ದು ನಾನೇ ದುಕಾನದಾವಗ ಹೇಳಿದೆ. ಅವ ಕಿತ್ತಿದ್ದ ವೈರ್ ಮತ್ತ ಜೋಡಿಸಿದ. ಆಮ್ಯಾಲ ಮೆಲ್ಲಕ ಅಂದ:

"ಅಮ್ಮಾ, ಅಷ್ಟಕ್ಕೇ ಕತ್ತರಿಸಿ ಕೊಡ್ತೀನ್ರಿ. ಥೇಟ್ ಮೊದಲಿನಂಗೇ ಆಗ್ತದ."

ಅವ್ವ ಕಣ್ಣು ಒರಸ್ಕೊಂಡ್ಲು.

"ಬ್ಯಾಡಪ್ಪ. ಪೂರಾ ಹಾಕು. ಹಳೇದ್ರಾಗ ಅದು ಕಟ್ ಆದ ಕೂಡ್ಲೆ ಮುಂದಿಂದು ಬಂದುಬಿಡ್ತಿತ್ತು. ಅಂವಗ ಹೇಳಾಕ ಪುರಸೊತ್ತೇ ಸಿಗ್ತಿದ್ದಿಲ್ಲ, ಆ ಪಿಟೀಲಿನ ಮ್ಯಾಲೇ ಒದರ್ಬೇಕು. ಈಗ ನಾನೇ ನಿಲ್ಲಸ್ತೀನಿ. ಅಂವ ಹೇಳ್ಲಿ. ಆಮ್ಯಾಲ ಮುಂದಿಂದು ಹಚ್ತೀನಿ."

ಅವತ್ತಿಂದ ಹಿಂಗೇ ನಡದದ. ಡೊಳ್ಳು ಮುಗೀತಂದ್ರ ಅವ್ವ ಕೈಯಾಗಿನ ಕೆಲಸ ಬಿಟ್ಟು ರೇಡಿಯೋ ಹತ್ರ ಹೋಗಿ ಕೂಡ್ತಾಳ. "ಕೇಳೋ ಮಾತುಗಾರಾ" ಅನ್ನೋದೇ ತಡ, ಬಟನ್ ಒತ್ತಿ ನಿಲ್ಲಸ್ತಾಳ. ಸುಮ್ಮನ ಕೂಡ್ತಾಳ. ಒಮ್ಮೊಮ್ಮೆ ತುಟಿ ನಗ್ತಾವ, ಒಮ್ಮೊಮ್ಮೆ "ಮೂಳಾ" ಅಂತಾಳ. ಆಮ್ಯಾಲ ಮುಂದಿನ ಹಾಡಿನ ಬಟನ್. ಒಂದು ದಿನ ಗಾಡ್ಯಾಗ ಮೊಬೈಲಿನ ವೈರ್ ಕಿವಿಗೆ ಹಾಕ್ಕೊಂಡು, ಆ ಪದ ಪೂರಾ ಕೇಳೇಬಿಡ್ತೀನಿ ಅಂತ ಕೂತೆ. ಆ ಜಾಗ ಬಂದ ಕೂಡ್ಲೆ ನನ್ನ ಬೆರಳು ತಾನೇ ಹೋಗಿ ನಿಲ್ಲಿಸಿಬಿಟ್ಟಿತು. ಕಿಟಕ್ಯಾಗ ಸೈದಾಪುರ ಬಂದಿತ್ತು, ಇಳದು ಸಾಲಿಗೆ ಹೋದೆ.

ಹೋದ ಐತವಾರ ನಾ ಹಿತ್ತಲದಾಗ ಅರಿವಿ ಒಗೀತಿದ್ದೆ. ಅವ್ವನ ಮೊಣಕಾಲು ಈಗ ಮೊದಲಿನಂಗ ಏಳಗೊಡಂಗಿಲ್ಲ. ಮೊಣಕೈತನ ಹಿಟ್ಟು, ಎದುರಿಗೆ ಹಂಚಿನ ಮ್ಯಾಲ ರೊಟ್ಟಿ. ಒಳಗ ಡೊಳ್ಳು ಮುಗದು ಗಂಡಸು ಕೆಮ್ಮಿದ.

"ಮಾದೇವೀ! ಬಂತ ನೋಡು, ಓಡಿ ಬಾ! ನಂಗ ಏಳಾಕ ಆಗವಲ್ದು!"

ಒದ್ದಿ ಸೀರಿ ಅಲ್ಲೇ ಒಗದು ಓಡಿದೆ. ಹೊಸ್ತಿಲಿಗೆ ಎಡವಿದೆ, ಬಾಗಿಲ ಚೌಕಟ್ಟಿಗೆ ಶರಣು ಹೊಗಳಿದ ಮೂಗು ಬಡಕೊಂಡಿತು. ಹೆಣ್ಮಗಳು "ಕೇಳೋ ಮಾತುಗಾರಾ" ಅಂತ ಎಳಿಯೋದಕ್ಕೂ ನನ್ನ ಸಬಕಾರದ ಬೆರಳು ಬಟನ್ ಮ್ಯಾಲ ಬೀಳೋದಕ್ಕೂ ಸರಿಹೋತು.

ಮನಿ ಗಪ್ಪಾತು. ಅವ್ವ ಕೈ ನಿಲ್ಲಿಸಿ ಕೂತಿದ್ಲು. ಹಂಚಿನ ಮ್ಯಾಲ ರೊಟ್ಟಿ ಕರ್ರಗಾಗಿ ವಾಸನಿ ಬಂತು, ಅಕಿ ತಿರುವಲಿಲ್ಲ, ನಾನೂ ತಿರುವಂತ ಅನ್ನಲಿಲ್ಲ.

"ಹೂಂ, ಆತು. ಹಚ್ಚು ಮುಂದಿಂದು," ಅಂದ್ಲು ಕಡೀಕ.

ಹಚ್ಚಿದೆ. ಅವ್ವ ಕರ್ರಗಾದ ರೊಟ್ಟಿ ಬದಿಗಿಟ್ಟು ಇನ್ನೊಂದು ಬಡಿಯಾಕ ಶುರು ಮಾಡಿದ್ಲು. ನಾ ಬಟನ್ನಿಗೆ ಹತ್ತಿದ ಸಬಕಾರ ಸೆರಗಿನಿಂದ ಒರಸಿಕೋತ ಅಲ್ಲೇ ನಿಂತೆ. ಅವ್ವ ಇರೋತನ ಅಕಿ ನಿಲ್ಲಸ್ತಾಳ. ಅಕಿ ಹಿಂದ ನಾ ಇದ್ದೀನಿ. ನನ್ನ ಹಿಂದ ಯಾರೂ ಇಲ್ಲ. ನಾನೂ ಹೋದ ಮ್ಯಾಲ ಯಾರ ಕೈಯಾಗರ ಈ ಕಾರ್ಡ್ ಸಿಕ್ಕು, ಅವರು ಸುಮ್ಮನ ಹಚ್ಚಿ ಕೂತ್ರ, ಆ ಹೆಣ್ಮಗಳು ತನ್ನ ಉತ್ತರ ಪೂರಾ ಹಾಡಿ ಮುಗಸ್ತಾಳ.